ಎಲ್ಲಿಯ ಮೂರು?

ಕುರ್ಚಿಯಲ್ಲಿ ಕೂತವರು "ಸುತ್ತ ಮೂರು ನಂಬರ್ ಹೊಡೀರಿ" ಅಂದ ತಕ್ಷಣ ನಾನು ಮಷೀನ್ ಎತ್ತಿಕೊಳ್ಳುವುದಿಲ್ಲ. "ಎಲ್ಲಿಯ ಮೂರು?" ಅಂತ ಕೇಳುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಕಟಿಂಗ್ ಮಾಡೋಕೆ ಇಷ್ಟೊಂದು ವಿಚಾರಣೆ ಯಾಕೆ ಅನ್ನಿಸುತ್ತದೆ. ಆದರೆ ಕೇಳದೆ ಹೊಡೆದರೆ ಏನಾಗುತ್ತದೆ ಅನ್ನುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಒಂದು ಸಂಜೆ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಹತ್ತೋ ಹನ್ನೊಂದೋ ವಯಸ್ಸು. ತಲೆ ಮೇಲೆ ಟೋಪಿ. ಒಳಗೆ ಬಂದರೂ ತೆಗೆಯಲಿಲ್ಲ. ಹಿಂದಿನ ಸಲ ಅವನಿಗೆ ಸುತ್ತ ಮೂರು ನಂಬರ್ ಹೊಡೆದು ಕಳಿಸಿದ್ದೆ, ಅವನಿಗೂ ಇಷ್ಟವಾಗಿತ್ತು. ಈ ಸಲ ಮನೆಯಲ್ಲೇ ಮಾಡಿಬಿಡೋಣ ಅಂತ ಅಪ್ಪ ತಮ್ಮ ಗಡ್ಡದ ಟ್ರಿಮ್ಮರ್ ತೆಗೆದಿದ್ದಾರೆ. ಅದರ ಚಕ್ರವನ್ನು ಮೂರಕ್ಕೆ ತಿರುಗಿಸಿ, ಕಿವಿಯ ಪಕ್ಕದಿಂದ ಮೇಲಕ್ಕೆ ಒಂದೇ ಒಂದು ಸಲ ಎಳೆದಿದ್ದಾರೆ. "ಅಣ್ಣ, ನೀವು ಹೇಳಿದ ನಂಬರೇ ಇಟ್ಟಿದ್ದು" ಎಂದರು. ಮೆಲ್ಲಗೆ ಟೋಪಿ ತೆಗೆದು ನೋಡಿದೆ. ಎಡಗಿವಿಯ ಮೇಲೆ ಎರಡು ಬೆರಳಗಲದ ದಾರಿ. ಒಳಗಿನ ಚರ್ಮ ಕಾಣುತ್ತಿತ್ತು. ಅಕ್ಕಪಕ್ಕದಲ್ಲಿ ಕೂದಲು ಗೋಡೆ ಹಾಗೆ ನಿಂತಿತ್ತು. ಹುಡುಗ ಕನ್ನಡಿ ಕಡೆ ನೋಡಲೇ ಇಲ್ಲ.

ಅಪ್ಪ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದೂ ಮೂರೇ, ಅವರು ಇಟ್ಟಿದ್ದೂ ಮೂರೇ. ಆದರೆ ಎರಡು ಮೂರೂ ಬೇರೆ ಬೇರೆ ಲೆಕ್ಕದವು.

ನಾವು ಮಷೀನ್ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಗಾರ್ಡ್ ಇದೆಯಲ್ಲ, ಅದರ ಮೇಲಿನ ನಂಬರ್ ಬಂದಿರುವುದು ಇಂಚಿನಿಂದ. ಒಂದು ಇಂಚನ್ನು ಎಂಟು ಪಾಲು ಮಾಡಿ. 1 ನಂಬರ್ ಅಂದರೆ ಅದರಲ್ಲಿ ಒಂದು ಪಾಲು, ಸುಮಾರು 3 ಮಿಲಿಮೀಟರ್. 2 ಅಂದರೆ ಎರಡು ಪಾಲು, 6 ಮಿಲಿಮೀಟರ್. 3 ಅಂದರೆ ಹತ್ತಿರ ಹತ್ತಿರ 10. 4 ಅಂದರೆ ಅರ್ಧ ಇಂಚು, 13 ಮಿಲಿಮೀಟರ್. ಹೀಗೇ ಹೋಗಿ 8ಕ್ಕೆ ಪೂರ್ತಿ ಒಂದು ಇಂಚು, ಅಂದರೆ 25 ಮಿಲಿಮೀಟರ್. ಗಡ್ಡದ ಟ್ರಿಮ್ಮರ್ ಚಕ್ರದ ಮೇಲೆ ಬರೆದಿರುವುದು ಸಾಮಾನ್ಯವಾಗಿ ನೇರ ಮಿಲಿಮೀಟರ್. ಅಲ್ಲಿಯ 3 ಅಂದರೆ ನನ್ನ ಡಬ್ಬಿಯ 1 ನಂಬರ್ ಗಾರ್ಡ್. ನನ್ನ 3 ನಂಬರ್ ಬೇಕಿದ್ದರೆ ಅವರು ಚಕ್ರವನ್ನು 10ಕ್ಕೆ ತಿರುಗಿಸಬೇಕಿತ್ತು. "ಸಾಮಾನ್ಯವಾಗಿ" ಅಂದೆ, ಗಮನಿಸಿ. ಕೆಲವು ಟ್ರಿಮ್ಮರ್‌ಗಳಲ್ಲಿ ಆ ಅಂಕಿ ಬರೀ ಮೆಟ್ಟಿಲ ಲೆಕ್ಕ, ಮಿಲಿಮೀಟರೂ ಅಲ್ಲ, ಗಾರ್ಡ್ ನಂಬರೂ ಅಲ್ಲ. ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಮಿಲಿಮೀಟರ್ ಬರೆದಿರುತ್ತಾರೆ, ಒಮ್ಮೆ ತೆಗೆದು ನೋಡಿ.

ಇದೇ ಎಡವಟ್ಟು ಉಲ್ಟಾ ಕೂಡ ಆಗುತ್ತದೆ. ಮನೆಯಲ್ಲಿ 3 ಇಟ್ಟು ಅಭ್ಯಾಸ ಇರುವವರು ನನ್ನ ಹತ್ತಿರ ಮೂರು ಹೊಡೆಸಿಕೊಂಡು "ಏನೂ ತೆಗೆದೇ ಇಲ್ಲವಲ್ಲ" ಅಂತಾರೆ. ಅದು ದೊಡ್ಡ ವಿಷಯವಲ್ಲ, ಇನ್ನೂ ಗಿಡ್ಡ ಮಾಡಬಹುದು. ಗಿಡ್ಡ ಆಗಿಹೋದದ್ದಕ್ಕೆ ನನ್ನ ಹತ್ತಿರ ಮದ್ದಿಲ್ಲ. ತಲೆಗೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. 3 ಮಿಲಿಮೀಟರ್ ತಪ್ಪು ಸರಿಯಾಗಲು ಒಂಬತ್ತು ಹತ್ತು ದಿನ ಕಾಯಲೇಬೇಕು.

ಇನ್ನೊಂದು ಮಾತು, ದಿನಕ್ಕೊಬ್ಬರಿಗಾದರೂ ಹೇಳುತ್ತೇನೆ. ನಂಬರ್ ಇರುವುದು ತಲೆ ಮೇಲೆ ಉಳಿಯುವ ಕೂದಲಿಗೆ, ಹೋಗುವ ಕೂದಲಿಗಲ್ಲ. "ಜಾಸ್ತಿ ತೆಗೀರಿ, ನಾಲ್ಕು ಹಾಕಿ" ಅಂದರೆ ನನಗೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ಎಂಟರಿಂದ ಏಳಕ್ಕೆ ಇಳಿದರೆ ಮನೆಯವರಿಗೂ ಗೊತ್ತಾಗದೆ ಹೋಗಬಹುದು. ಎರಡರಿಂದ ಒಂದಕ್ಕೆ ಇಳಿದರೆ ಉಳಿದ ಕೂದಲಲ್ಲೇ ಅರ್ಧ ಹೋಯಿತು. ಎರಡು ನಂಬರ್‌ನಲ್ಲಿ ತಲೆ ಕಪ್ಪಗೆ ತುಂಬಿದ ಹಾಗೆ ಕಾಣುತ್ತದೆ. ಒಂದರಲ್ಲಿ ಒಳಗಿನ ಚರ್ಮ ಇಣುಕುತ್ತದೆ, ಹಳೇ ಗಾಯದ ಗುರುತೆಲ್ಲ ಎದ್ದು ಕಾಣುತ್ತದೆ. ಅದಕ್ಕೇ ಮಷೀನ್ ಇಡುವ ಮುಂಚೆ ನಾನು ತಲೆಯನ್ನೆಲ್ಲ ಕೈಯಾಡಿಸಿ ನೋಡುತ್ತೇನೆ. ಚರ್ಮದಲ್ಲಿ ಹುಣ್ಣು, ಹೊಟ್ಟೆದ್ದ ಮಚ್ಚೆ ಕಂಡರೆ ಅಷ್ಟು ಗಿಡ್ಡ ಬೇಡ, ಮೊದಲು ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ.

ಈ ಗಿಡ್ಡ ಅಳತೆಗಳಲ್ಲೇ ಅರ್ಧ ನಂಬರ್ ಗಾರ್ಡ್‌ಗಳೂ ಬರುತ್ತವೆ. ಇಲ್ಲಿ ಹುಷಾರಾಗಿರಬೇಕು. "ಒಂದೂವರೆ" ಗಾರ್ಡ್ ಉಳಿಸುವುದು 4.5 ಮಿಲಿಮೀಟರ್. ಒಂದೂವರೆ ಮಿಲಿಮೀಟರ್ ಉಳಿಸುವುದು "ಅರ್ಧ" ಗಾರ್ಡ್. ಎರಡರಲ್ಲೂ 1.5 ಅನ್ನುವ ಅಂಕಿ ಬರುತ್ತದೆ, ಆದರೆ ಒಂದು ಇನ್ನೊಂದರ ಮೂರು ಪಟ್ಟು. ಹಾಗಾಗಿ ನಂಬರ್ ಬಿಡಿ, ಮಿಲಿಮೀಟರ್‌ನಲ್ಲಿ ಹೇಳಿ ಅಂತ ನಾನು ಎಲ್ಲರಿಗೂ ಗೋಗರೆಯುವುದು. ಮಿಲಿಮೀಟರ್ ಎಲ್ಲ ಕಡೆ ಒಂದೇ ಅಲ್ವಾ?

"ಝೀರೋ" ಅಂದರೆ ಗಾರ್ಡ್ ಇಲ್ಲದೆ ಬರೀ ಬ್ಲೇಡ್. ಅದು ರೇಜರ್ ಬೋಳು ಅಲ್ಲ, ಮುಟ್ಟಿದರೆ ಮುಳ್ಳು ಮುಳ್ಳಾಗಿ ಸಿಗುತ್ತದೆ. ಪಕ್ಕದಲ್ಲಿ ಲಿವರ್, ಅಂದರೆ ಬ್ಲೇಡನ್ನು ಹಿಂದೆ ಮುಂದೆ ಸರಿಸುವ ಪುಟ್ಟ ಹಿಡಿ, ಇರುವ ಮಷೀನಾದರೆ ಝೀರೋ ಕೂಡ ಒಂದೇ ಅಳತೆ ಅಲ್ಲ. ಲಿವರ್ ಮುಚ್ಚಿದರೆ ಅರ್ಧ ಮಿಲಿಮೀಟರ್ ಆಸುಪಾಸು, ಪೂರ್ತಿ ತೆರೆದರೆ ಒಂದೂವರೆ ದಾಟಬಹುದು. ಮಷೀನ್‌ನಿಂದ ಮಷೀನ್‌ಗೆ ವ್ಯತ್ಯಾಸ ಇರುತ್ತದೆ. ಗಾರ್ಡ್ ಹಾಕಿದಾಗಲೂ ಈ ಲಿವರ್ ಕೆಲಸ ಮಾಡುತ್ತದೆ. 1 ನಂಬರ್ ಹಾಕಿ ಲಿವರ್ ತೆರೆದರೆ ಹೆಚ್ಚುಕಮ್ಮಿ ಒಂದೂವರೆ ಗಾರ್ಡ್‌ನಷ್ಟು ಉಳಿಯುತ್ತದೆ.

ಮನೆಯಲ್ಲೇ ಮಾಡುವವರು ಗಾರ್ಡನ್ನು ಬೆರಳಿಂದ ಒತ್ತಿ, ಟಕ್ ಅಂತ ಕೂತ ಸದ್ದು ಕೇಳಿ. ಅರ್ಧಂಬರ್ಧ ಕೂತ ಗಾರ್ಡ್ ನಡುವೆ ಕಳಚಿದರೆ ಆ ಜಾಗದಲ್ಲಿ ಝೀರೋ ಆಗಿಬಿಡುತ್ತದೆ. ಕೂದಲು ಒಣಗಿರಲಿ. ಬೇಕು ಅನ್ನಿಸಿದ್ದಕ್ಕಿಂತ ಎರಡು ನಂಬರ್ ದೊಡ್ಡದರಿಂದ ಶುರು ಮಾಡಿ, ಅದೂ ಹಿಂದೆ, ಕತ್ತಿನ ಹತ್ತಿರ. ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಎಳೆದರೆ ಮಾತ್ರ ಗಾರ್ಡಿನ ಮೇಲಿರುವ ಅಳತೆ ಸಿಗುತ್ತದೆ, ಅದೇ ದಿಕ್ಕಿಗೆ ಎಳೆದರೆ ಉದ್ದ ಉಳಿಯುತ್ತದೆ. ನೆತ್ತಿಯ ಸುಳಿಯಲ್ಲಿ ಕೂದಲು ಸುತ್ತಿಕೊಂಡು ಬೆಳೆದಿರುತ್ತದೆ. ಅಲ್ಲಿ ನಾಲ್ಕೂ ಕಡೆಯಿಂದ ಬರಬೇಕು. ಇಲ್ಲವಾದರೆ ಒಂದು ಜುಟ್ಟು ಹಾಗೇ ನಿಂತಿರುತ್ತದೆ.

ಆ ಹುಡುಗನಿಗೆ ಸುತ್ತಲೂ 1 ನಂಬರ್ ಹೊಡೆಯದೆ ಬೇರೆ ದಾರಿ ಇರಲಿಲ್ಲ. ಅದರ ಮೇಲೆ ಒಂದು ಬೆರಳಗಲ ಲಿವರ್ ತೆರೆದು ಎಳೆದೆ, ಇನ್ನೂ ಮೇಲೆ 2 ಹಾಕಿದೆ, ನೆತ್ತಿಯನ್ನು ಕತ್ತರಿಯಲ್ಲಿ ಸರಿ ಮಾಡಿದೆ. ದಾರಿ ಎಲ್ಲಿತ್ತು ಅಂತ ಹುಡುಕಬೇಕಿತ್ತು. ಅವನು ಅಂಗೈಯನ್ನು ಕಿವಿಯ ಪಕ್ಕ ಕೆಳಗಿಂದ ಮೇಲೆ ಎರಡು ಮೂರು ಸಲ ಸವರಿಕೊಂಡ. ಆಮೇಲೆ ಕನ್ನಡಿ ನೋಡಿದ. ಅಪ್ಪನಿಗೆ ನಾನು ಒಂದು ಚೀಟಿಯಲ್ಲಿ "10 ಮಿ.ಮೀ." ಅಂತ ಬರೆದುಕೊಟ್ಟೆ. ಅದನ್ನು ಟ್ರಿಮ್ಮರ್ ಡಬ್ಬಿಯ ಒಳಗೇ ಅಂಟಿಸಿಡಿ ಎಂದೆ.