ಕಪ್ಪು ಬಿಯರ್ ಅಂದ್ರೆ ಜಾಸ್ತಿ ಸ್ಟ್ರಾಂಗಾ?

ಓದುಗರ ಪ್ರಶ್ನೆ: ಮಂಗಳೂರಿನ ಒಂದು ಪಬ್‌ನಲ್ಲಿ ಸ್ನೇಹಿತ ಸ್ಟೌಟ್ ಅನ್ನುವ ಕಪ್ಪು ಬಿಯರ್ ತರಿಸಿದ. ಡಿಕಾಕ್ಷನ್ ಥರ ಕಪ್ಪಗೆ, ಮೇಲೆ ಕಂದು ನೊರೆ. ನೋಡಿಯೇ ಹೆದರಿಕೆ ಆಯಿತು. ನಾನು ಮಾಮೂಲಿ ಬಿಯರ್ ಕುಡಿಯುವವನು. ಇಷ್ಟು ಕಪ್ಪಗಿದೆ ಅಂದ್ರೆ ಸ್ಟ್ರಾಂಗ್ ಜಾಸ್ತಿ ಅಲ್ವಾ? ಒಂದು ಗ್ಲಾಸಿಗೇ ತಲೆಗೇರುತ್ತದಾ?

ಇಲ್ಲ. ಬಿಯರಿನ ಬಣ್ಣ ನೋಡಿ ಅದರ ಕಿಕ್ ಎಷ್ಟು ಅಂತ ಹೇಳಲು ಆಗುವುದೇ ಇಲ್ಲ. ಆ ದಿನ ನಿಮ್ಮ ಪಕ್ಕದ ಟೇಬಲ್‌ನಲ್ಲಿ ಯಾರಾದರೂ ಹೊಂಬಣ್ಣದ ಸ್ಟ್ರಾಂಗ್ ಬಿಯರ್ ಕುಡಿಯುತ್ತಿದ್ದರೆ, ಅವರ ಬಾಟಲಿಯಲ್ಲಿದ್ದ ಆಲ್ಕೋಹಾಲ್ ನಿಮ್ಮ ಸ್ನೇಹಿತನ ಕಪ್ಪು ಗ್ಲಾಸಿನಲ್ಲಿದ್ದದ್ದಕ್ಕಿಂತ ಎರಡು ಪಟ್ಟು ಇದ್ದಿರಬಹುದು.

ಸಂಜೆ ಹೊತ್ತು ಮಂಗಳೂರಿನ ಬಾರ್‌ಗಳಲ್ಲಿ ಸ್ಟೌಟ್ ಹುಡುಕಿಕೊಂಡು ಸುತ್ತುವುದು ನನಗೆ ತುಂಬ ಇಷ್ಟ. ಒಂದು ಸಲ ಬಲ್ಮಠ, ಹಂಪನಕಟ್ಟೆ ಕಡೆ, ಇನ್ನೊಂದು ಸಲ ಕದ್ರಿ, ಬಿಜೈ, ಕಂಕನಾಡಿ. ಎಲ್ಲಿ ಹೋದರೂ ಜೊತೆಗೆ ಕೂತವರು ಕೇಳುವ ಮೊದಲ ಪ್ರಶ್ನೆ ಇದೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಲೆಕ್ಕ. ನಮ್ಮಲ್ಲಿ ಬಿಯರ್ ಅಂದರೆ ಎರಡು ಬಗೆ. ಮೈಲ್ಡ್, ಅಂದರೆ ಆಲ್ಕೋಹಾಲ್ ಶೇ. 5ರ ಒಳಗೆ. ಅದಕ್ಕಿಂತ ಮೇಲೆ ಶೇ. 8ರ ತನಕ ಸ್ಟ್ರಾಂಗ್. ಬಾಟಲಿಯ ಅಳತೆ 650 ಮಿಲಿಲೀಟರ್. ಶೇ. 8ರ ಒಂದು ಸ್ಟ್ರಾಂಗ್ ಬಾಟಲಿ ಪೂರ್ತಿ ಕುಡಿದರೆ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೋಹಾಲ್ 52 ಮಿಲಿಲೀಟರ್. ಈಗ ಸ್ಟೌಟಿಗೆ ಬನ್ನಿ. ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ಸ್ಟೌಟ್ ಡಬ್ಲಿನ್ನಿನ ಗಿನ್ನೆಸ್. ಅಲ್ಲಿನ ಪಬ್‌ಗಳಲ್ಲಿ ನಲ್ಲಿಯಿಂದ ಹಿಡಿದು ಕೊಡುವ ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಇರುವುದು ಬರೀ ಶೇ. 4.2ರಷ್ಟು. ಅಲ್ಲಿನ ಒಂದು ಪಿಂಟ್ ಅಂದರೆ 568 ಮಿಲಿಲೀಟರ್, ನಮ್ಮ ಬಾರ್‌ನ 330ರ ಪಿಂಟ್ ಅಲ್ಲ. ಅಷ್ಟು ದೊಡ್ಡ ಗ್ಲಾಸ್ ಖಾಲಿ ಮಾಡಿದರೂ ಹೋಗುವುದು 24 ಮಿಲಿಲೀಟರ್ ಆಲ್ಕೋಹಾಲ್. 60 ಎಂಎಲ್‌ನ ಒಂದು ಲಾರ್ಜ್ ವಿಸ್ಕಿಯಲ್ಲಿ ಸುಮಾರು 26 ಇರುತ್ತದೆ. ಅಂದರೆ ನಾವು "ಬರೀ ಬಿಯರ್ ತಾನೇ" ಅಂತ ತರಿಸುವ ಸ್ಟ್ರಾಂಗ್ ಬಾಟಲಿ ಎರಡು ಲಾರ್ಜಿಗೆ ಸಮ. ನೋಡಿ ಹೆದರುವ ಸ್ಟೌಟ್ ಒಂದು ಲಾರ್ಜಿಗಿಂತ ಕಡಿಮೆ. ಈ ಲೆಕ್ಕ ಬಾರ್‌ಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು?

ನೀವೇ ಡಿಕಾಕ್ಷನ್ ಅಂದಿದ್ದೀರಿ, ಅದು ಸರಿಯಾದ ಮಾತು. ಕಾಫಿ ಬೀಜವನ್ನು ಹುರಿಯುವ ಹಾಗೆಯೇ ಇಲ್ಲಿ ಬಾರ್ಲಿಯನ್ನು ಹುರಿಯುತ್ತಾರೆ. ಹೆಚ್ಚಿನ ಬಿಯರ್ ಶುರುವಾಗುವುದು ಬಾರ್ಲಿಯಿಂದ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಅದೇ ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿ ನೀರಿನಲ್ಲಿ ಬಿಟ್ಟರೆ ಸಕ್ಕರೆ ಬಿಡುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಸ್ಟೌಟಿನಲ್ಲೂ ಬಹುಪಾಲು ಇರುವುದು ಇದೇ ತಿಳಿ ಬಣ್ಣದ ಮಾಲ್ಟ್. ಅದರ ಜೊತೆಗೆ ಹತ್ತರಲ್ಲಿ ಒಂದು ಪಾಲಿನಷ್ಟು ಕಪ್ಪಗೆ ಹುರಿದ ಬಾರ್ಲಿ ಸೇರಿಸುತ್ತಾರೆ, ಅಷ್ಟೆ. ಹುರಿದ ಕಾಳಿನಲ್ಲಿ ಯೀಸ್ಟಿಗೆ ತಿನ್ನಲು ಸಕ್ಕರೆ ಹೆಚ್ಚೇನೂ ಉಳಿದಿರುವುದಿಲ್ಲ. ಅದು ಕೊಡುವುದು ಬಣ್ಣ, ಸುಟ್ಟ ವಾಸನೆ, ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಒಂದು ಹಿತವಾದ ಕಹಿ. ಕಿಕ್ ಬರುವುದು ತಿಳಿ ಮಾಲ್ಟಿನಿಂದ. ಅದನ್ನು ಎಷ್ಟು ಹಾಕಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದರ ಹಿಂದೆ ಒಂದು ಒಳ್ಳೆಯ ಕತೆ ಇದೆ. 18ನೇ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಅನ್ನುವ ಕಂದು ಬಿಯರ್ ಜನಪ್ರಿಯವಾಗಿತ್ತು. ಅದರಲ್ಲೇ ಸ್ವಲ್ಪ ಸ್ಟ್ರಾಂಗ್ ಆದದ್ದು ಸ್ಟೌಟ್. ಆಗ ಕಂದು ಮಾಲ್ಟನ್ನೇ ರಾಶಿಗಟ್ಟಲೆ ಹಾಕಬೇಕಿತ್ತು, ಅದರಿಂದ ಸಕ್ಕರೆ ಕಡಿಮೆ ಸಿಗುತ್ತಿತ್ತು, ಖರ್ಚು ಜಾಸ್ತಿ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯುವ ತಿರುಗುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾಳು ಹೊತ್ತಿಕೊಳ್ಳದೆ ಇದ್ದಲಿನ ಹಾಗೆ ಕಪ್ಪಗೆ ಆಗುವಂತೆ ಹುರಿಯಲು ಅದರಿಂದ ಸಾಧ್ಯವಾಯಿತು. ಅಲ್ಲಿಂದ ಮುಂದೆ ತಿಳಿ ಮಾಲ್ಟಿಗೆ ಒಂದಿಷ್ಟು ಕಪ್ಪು ಮಾಲ್ಟ್ ಬೆರೆಸಿದರೆ ಸಾಕು. ನಾವು ಈಗ ನೋಡುವ ಕಡುಗಪ್ಪು ಸ್ಟೌಟ್ ಹುಟ್ಟಿದ್ದು ಹೀಗೆ. ಗಿನ್ನೆಸ್ ಕಂಪನಿ ಅದಕ್ಕಿಂತ ಹಳೆಯದು. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಲೀಸಿಗೆ ತೆಗೆದುಕೊಂಡಿದ್ದ!

ಮುಂದಿನ ಸಲ ಸ್ಟೌಟ್ ಸಿಕ್ಕಿದಾಗ ಒಂದು ಕೆಲಸ ಮಾಡಿ. ಗ್ಲಾಸನ್ನು ಮೇಲೆತ್ತಿ ಬಲ್ಬಿನ ಎದುರು ಹಿಡಿಯಿರಿ, ಇಲ್ಲದಿದ್ದರೆ ಮೊಬೈಲಿನ ಟಾರ್ಚ್ ಹಾಕಿ. ತಳದ ಅಂಚಿನಲ್ಲಿ, ಬಿಯರ್ ತೆಳುವಾಗಿರುವ ಜಾಗದಲ್ಲಿ, ಕಪ್ಪು ಕಾಣುವುದಿಲ್ಲ. ಕೋಕಂ ಶರಬತ್ತಿನ ಕೆಂಪು ಕಾಣುತ್ತದೆ. ಮೊದಲ ಸಲ ನೋಡಿದವರೆಲ್ಲ ಗ್ಲಾಸನ್ನು ಪಕ್ಕದವರಿಗೆ ದಾಟಿಸಿ "ಇಲ್ಲಿ ನೋಡಿ ಮಾರಾಯ್ರೆ" ಅನ್ನುತ್ತಾರೆ. ನನಗೆ ಅದನ್ನು ನೋಡುವುದೇ ಖುಷಿ.

ಕುಡಿಯುವಾಗ ದಪ್ಪಗೆ, ಹೊಟ್ಟೆ ತುಂಬಿದ ಹಾಗೆ ಅನಿಸುವುದರಿಂದಲೂ ಜನ ಇದನ್ನು ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ಆ ನುಣುಪಿಗೆ ದೊಡ್ಡ ಕಾರಣ ಗ್ಯಾಸ್. ಮಾಮೂಲಿ ಬಿಯರಿನಲ್ಲಿ ಇರುವುದು ಕಾರ್ಬನ್ ಡೈಆಕ್ಸೈಡ್, ಗುಳ್ಳೆ ದೊಡ್ಡದು, ಮೂಗಿಗೆ ಚುರುಕ್ ಅನ್ನುತ್ತದೆ, ತೇಗು ಬರುತ್ತದೆ. ಗಿನ್ನೆಸ್‌ನವರು 1959ರಲ್ಲಿ ನೈಟ್ರೋಜನ್ ಬೆರೆಸಿ ಬಿಯರ್ ಹಿಡಿಯುವ ವ್ಯವಸ್ಥೆ ತಂದರು. ನೈಟ್ರೋಜನ್ ಬಿಯರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಹಾಗಾಗಿ ಹೊರಗೆ ಬರುವಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳಾಗಿ ಬರುತ್ತದೆ, ನೊರೆ ಕೆನೆಯ ಹಾಗೆ ಕೂರುತ್ತದೆ. ಕ್ಯಾನಿನಲ್ಲಿ ಬರುವ ಡ್ರಾಟ್ ಸ್ಟೌಟ್ ಖಾಲಿ ಮಾಡಿ ಅಲ್ಲಾಡಿಸಿ ನೋಡಿ, ಒಳಗೆ ಏನೋ ಲೊಟಲೊಟ ಅನ್ನುತ್ತದೆ. ಅದು ಹಾಳಾದ ಮಾಲಲ್ಲ. ನೈಟ್ರೋಜನ್ ತುಂಬಿಟ್ಟ ಪ್ಲಾಸ್ಟಿಕ್ ಚೆಂಡು. ಮುಚ್ಚಳ ತೆರೆದ ಕೂಡಲೇ ಅದು ಗ್ಯಾಸ್ ಬಿಟ್ಟು ಪಬ್‌ನಲ್ಲಿ ಹಿಡಿದಂಥದ್ದೇ ನೊರೆ ಎಬ್ಬಿಸುತ್ತದೆ. ಇನ್ನು ಸ್ಟೌಟ್ ಕುಡಿದರೆ ರಕ್ತ ಆಗುತ್ತದೆ, ಕಬ್ಬಿಣಾಂಶ ಜಾಸ್ತಿ ಅನ್ನುವ ಮಾತನ್ನು ನಂಬಬೇಡಿ. ಒಂದು ಪಿಂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ.

ಹಾಗಂತ ಎಲ್ಲ ಸ್ಟೌಟೂ ಮೈಲ್ಡ್ ಅಂತಲೂ ತಿಳಿಯಬೇಡಿ. ನಮ್ಮ ಪಕ್ಕದ ಶ್ರೀಲಂಕಾದ ಲಯನ್ ಸ್ಟೌಟ್ ಶೇ. 8.8. ಕೊಲಂಬೊಗೆ ಹೋದವರು ತಂದುಕೊಟ್ಟರೆ ಮರ್ಯಾದೆಯಿಂದ ನಿಧಾನಕ್ಕೆ ಕುಡಿಯಬೇಕಾದ ಬಿಯರ್ ಅದು, ಬೆಲ್ಲ, ಚಾಕೊಲೇಟಿನ ರುಚಿ, ನನಗಂತೂ ಬಲು ಇಷ್ಟ. ಗಿನ್ನೆಸ್‌ನದೇ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಶೇ. 7.5. ಹಿಂದೆ ಇಂಗ್ಲೆಂಡಿನಿಂದ ರಷ್ಯಾಕ್ಕೆ ಹೋಗುತ್ತಿದ್ದ ಇಂಪೀರಿಯಲ್ ಸ್ಟೌಟ್ ಬಗೆಯದ್ದು ಇನ್ನೂ ಜೋರು, ಶೇ. 10ರ ಆಚೆಗೂ ಹೋಗುತ್ತದೆ. ಇವೆಲ್ಲ ನೋಡಲು ಒಂದೇ ಥರ ಕಪ್ಪು. ಅದಕ್ಕೇ ಹೇಳಿದ್ದು, ಬಣ್ಣ ನೋಡಬೇಡಿ, ಲೇಬಲ್ ಓದಿ. ಹೆಸರಿನಲ್ಲಿ ಬ್ಲ್ಯಾಕ್ ಅಂತ ಇದ್ದರೂ ಮೋಸ ಹೋಗಬೇಡಿ. ಕಲ್ಯಾಣಿ ಬ್ಲ್ಯಾಕ್ ಲೇಬಲ್, ಬ್ಲ್ಯಾಕ್ ಫೋರ್ಟ್ ಎರಡೂ ಗ್ಲಾಸಿಗೆ ಸುರಿದರೆ ಹೊಂಬಣ್ಣದವೇ.

ಈಗ ಮಂಗಳೂರಿನ ಮಾತು. ಹಂಪನಕಟ್ಟೆ ಸುತ್ತಮುತ್ತಲ ಹಳೆ ಬಾರ್ ಆಂಡ್ ರೆಸ್ಟೋರೆಂಟ್‌ಗಳಲ್ಲಿ ಸ್ಟೌಟ್ ಕೇಳಿದರೆ ಹೆಚ್ಚಿನ ಕಡೆ ಬರುವ ಉತ್ತರ "ಸ್ಟ್ರಾಂಗ್ ಉಂಟು ಸರ್, ತರ್ಲಾ?" ಅಂತ. ವೈಟರ್ ತಪ್ಪಲ್ಲ. ಕೇಳುವವರೇ ಇಲ್ಲ. ಕರ್ನಾಟಕದಲ್ಲಿ ಬಾಟಲಿ ಬಿಯರೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಬಾರ್‌ಗೆ ಬರಬೇಕು. ಬಾರ್‌ನವರು ದಿನಾ ಖರ್ಚಾಗುವ ಮಾಲನ್ನೇ ಎತ್ತುತ್ತಾರೆ. ಬಿಯರಿಗೆ ಎಕ್ಸ್‌ಪೈರಿ ಬೇರೆ ಇರುತ್ತದೆ, ಯಾರೂ ಕೇಳದ ಒಂದು ಕೇಸನ್ನು ಫ್ರಿಜ್‌ನಲ್ಲಿ ಇಟ್ಟುಕೊಂಡು ಅವರೇನು ಮಾಡುವುದು? ಸಿಂಬಾದಂಥ ಭಾರತದ ಬ್ರಾಂಡ್‌ಗಳು ಬಾಟಲಿಯಲ್ಲೇ ಸ್ಟೌಟ್ ತಂದಿವೆ, ಆದರೆ ಗಲ್ಲಿಯ ಬಾರ್‌ನಲ್ಲಿ ಸಿಗುವುದು ಅದೃಷ್ಟ ಇದ್ದ ದಿನ. ಸಿಕ್ಕಿದರೆ ಬಾಟಲಿ ತೆರೆಯುವ ಮೊದಲು ತಯಾರಾದ ತಾರೀಕು ನೋಡಿ. ಯಾರೂ ಕೇಳದೆ ತಿಂಗಳುಗಟ್ಟಲೆ ಕೂತ ಸ್ಟೌಟ್ ಒದ್ದೆ ರಟ್ಟಿನ ರುಚಿ ಕೊಡುತ್ತದೆ.

ನಿಮಗೆ ನನ್ನ ಸಲಹೆ, ಅಲ್ಲೇ ಬಿಯರ್ ತಯಾರಿಸುವ ಪಬ್‌ನಿಂದ ಶುರು ಮಾಡಿ. ಅಲ್ಲಿ ಎಲ್ಲ ಕಾಲಕ್ಕೂ ಸ್ಟೌಟ್ ಇರುತ್ತದೆ ಅಂತೇನಿಲ್ಲ, ಫೋನ್ ಮಾಡಿ ಕೇಳಿ ಹೋಗುವುದು ಒಳ್ಳೆಯದು. ಇದ್ದರೆ ಪೂರ್ತಿ ಗ್ಲಾಸ್ ತರಿಸುವ ಮೊದಲು ಸ್ವಲ್ಪ ರುಚಿ ನೋಡಲು ಕೇಳಿ, ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ. ಆಲ್ಕೋಹಾಲ್ ಎಷ್ಟು ಅಂತಲೂ ಕೇಳಿ. ಅಲ್ಲಿ ಲೇಬಲ್ ಇರುವುದಿಲ್ಲ, ಮೆನುವಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಬಿಯರ್ ಮಾಡುವವರಿಗೆ ಗೊತ್ತಿರುತ್ತದೆ. ಕೇಳಿದರೆ ಅವರು ಖುಷಿಯಿಂದ ಹೇಳುತ್ತಾರೆ.

ಇನ್ನೊಂದು ವಿಷಯ, ತಂಪು. ನಮ್ಮ ಊರಿನ ಸೆಕೆಗೆ ಬಿಯರ್ ಅಂದರೆ ಹಲ್ಲು ಜುಮ್ಮೆನ್ನಬೇಕು, ಬಾಟಲಿ ಮೈಯೆಲ್ಲ ಬೆವರಿರಬೇಕು. ಲಾಗರಿಗೆ, ಅಂದರೆ ಮಾಮೂಲಿ ಹೊಂಬಣ್ಣದ ಬಿಯರಿಗೆ, ಅದು ಸರಿ. ಸ್ಟೌಟನ್ನು ಅಷ್ಟು ತಂಪಾಗಿ ಕುಡಿದರೆ ನಾಲಿಗೆ ಮರಗಟ್ಟಿ ಹುರಿದ ರುಚಿ ಒಂದೂ ಗೊತ್ತಾಗುವುದಿಲ್ಲ, ಬರೀ ಕಹಿ ಉಳಿಯುತ್ತದೆ. "ಚೆನ್ನಾಗಿಲ್ಲ" ಅಂದವರಲ್ಲಿ ಹೆಚ್ಚಿನವರು ಐಸ್‌ನಂಥ ಸ್ಟೌಟ್ ಕುಡಿದವರು. ಗ್ಲಾಸಿಗೆ ಹಾಕಿಸಿ ಹತ್ತು ನಿಮಿಷ ಬಿಡಿ. ಮಂಗಳೂರಿನಲ್ಲಿ ಅದಕ್ಕಿಂತ ಜಾಸ್ತಿ ಕಾಯುವ ಅಗತ್ಯ ಇಲ್ಲ. ಮೊದಲ ಗುಟುಕಿಗೂ ಅರ್ಧ ಗ್ಲಾಸ್ ಆದ ಮೇಲಿನ ಗುಟುಕಿಗೂ ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ, ಕಾಫಿ, ಕೋಕೋ, ಸುಟ್ಟ ಬ್ರೆಡ್ಡಿನ ಅಂಚು ಒಂದೊಂದಾಗಿ ಹೊರಗೆ ಬರುತ್ತವೆ.

ಜೊತೆಗೆ ಏನು ತಿನ್ನಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳದೆ ಇರಲು ನನಗೆ ಆಗುವುದಿಲ್ಲ. ಸ್ಟೌಟ್ ನಮ್ಮ ಕರಾವಳಿಯ ಊಟಕ್ಕೆ ಹೇಳಿ ಮಾಡಿಸಿದ ಬಿಯರ್. 19ನೇ ಶತಮಾನದ ಲಂಡನ್ನಿನಲ್ಲಿ ಬಡವರ ಊಟ ಸಿಂಪಿ (ಆಯ್ಸ್ಟರ್), ಜೊತೆಗೆ ಪೋರ್ಟರ್ ಅಥವಾ ಸ್ಟೌಟ್. ಐರ್ಲೆಂಡಿನ ಗಾಲ್ವೇಯಲ್ಲಿ 1954ರಿಂದ ಸಿಂಪಿ ಹಬ್ಬವೇ ನಡೆಯುತ್ತಿದೆ, ಅಲ್ಲೂ ಜೊತೆಗೆ ಸ್ಟೌಟ್. ಸಮುದ್ರದ ಉಪ್ಪಿಗೂ ಹುರಿದ ಬಾರ್ಲಿಯ ಕಹಿಗೂ ಒಳ್ಳೆ ಹೊಂದಾಣಿಕೆ. ನಮಗೆ ಮರುವಾಯಿ ಅನ್ನುವ ಚಿಪ್ಪು ಇದೆ, ನೇತ್ರಾವತಿ ಅಳಿವೆಯಿಂದ ಹೆಕ್ಕಿ ತಂದದ್ದು. ತೆಂಗಿನಕಾಯಿ ಹಾಕಿದ ಬಿಸಿ ಮರುವಾಯಿ ಸುಕ್ಕ ಒಂದು ಪ್ಲೇಟ್ ತರಿಸಿ, ಚಿಪ್ಪಿನಲ್ಲಿ ಉಳಿದ ರಸವನ್ನು ಹೀರಿ, ಮೇಲೆ ಒಂದು ಗುಟುಕು ಸ್ಟೌಟ್ ಕುಡಿದು ನೋಡಿ. ಕುಂದಾಪುರ ಕಡೆಯ ಘೀ ರೋಸ್ಟ್ ಕೂಡ ಅಷ್ಟೇ ಚೆನ್ನಾಗಿ ಹೋಗುತ್ತದೆ. ತುಪ್ಪದಲ್ಲಿ ಕೆಂಪಗೆ ಬಾಡಿದ ಬ್ಯಾಡಗಿ ಮೆಣಸಿನ ಮಸಾಲೆಗೆ ಸ್ಟೌಟಿನ ಸುಟ್ಟ ವಾಸನೆ ಸೇರಿದರೆ ಖಾರ ಮೆತ್ತಗಾಗುತ್ತದೆ, ತುಪ್ಪದ ಜಿಡ್ಡು ನಾಲಿಗೆ ಬಿಟ್ಟು ಹೋಗುತ್ತದೆ. ಕಾಣೆ, ಅಂಜಲ್ ಫ್ರೈಗೆ ಮಾತ್ರ ಬೇಡ. ಅಷ್ಟು ನವಿರಾದ ಮೀನಿನ ರುಚಿಯನ್ನು ಸ್ಟೌಟ್ ಮುಚ್ಚಿಬಿಡುತ್ತದೆ, ಅದಕ್ಕೆ ನಿಮ್ಮ ಮಾಮೂಲಿ ಮೈಲ್ಡ್ ಬಿಯರೇ ಸರಿ. ಬಂಗುಡೆ ಮಸಾಲ ಆದರೆ ತೊಂದರೆ ಇಲ್ಲ, ಅದಕ್ಕೇ ಜೋರು ರುಚಿ.

ಕಾಲ ಕೇಳಿದರೆ, ಮಳೆಗಾಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ, ಹಸಿ ಮೀನು ಕಡಿಮೆ, ಘೀ ರೋಸ್ಟ್ ಮತ್ತು ಸುಕ್ಕಕ್ಕೆ ಒಳ್ಳೆ ಹೊತ್ತು. ಹೊರಗೆ ಜಡಿಮಳೆ ಇರುವಾಗ ಐಸ್‌ನಂಥ ಲಾಗರ್ ಯಾರಿಗೆ ಬೇಕು?

ಒಂದೇ ಸಂಜೆ ಎರಡು ಮೂರು ಕಡೆ ಹೋಗುವುದಾದರೆ ಒಂದೊಂದು ಕಡೆ ಒಂದೊಂದು ಸಣ್ಣ ಗ್ಲಾಸ್ ಸಾಕು, ನಡುವೆ ನೀರು ಕುಡಿಯಿರಿ, ಕೊನೆಯ ಜಾಗದಲ್ಲಿ ಊಟ ಇಟ್ಟುಕೊಳ್ಳಿ. ಬಲ್ಮಠದಿಂದ ಹಂಪನಕಟ್ಟೆಗೆ ಇಳಿಜಾರು, ನಡೆದೇ ಹೋಗಬಹುದು. ಗಾಡಿ ಮನೆಯಲ್ಲೇ ಇರಲಿ. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸ್. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಸ್ಟೌಟ್ ಮೈಲ್ಡ್ ಅಂತ ನಾನು ಹೇಳಿದ್ದು ಸ್ಟ್ರಾಂಗ್ ಬಿಯರಿಗೆ ಹೋಲಿಸಿ. ಎರಡು ಗ್ಲಾಸ್ ಆದ ಮೇಲೆ ಸ್ಕೂಟರ್ ಹತ್ತಲು ಅದು ಲೈಸೆನ್ಸ್ ಅಲ್ಲ. ರಾತ್ರಿ ಸಿಟಿ ಬಸ್ ಬೇಗ ನಿಲ್ಲುತ್ತದೆ, ಹಾಗಾಗಿ ಹೊರಡುವಾಗಲೇ ರಿಕ್ಷಾದವರ ನಂಬರ್ ಇಟ್ಟುಕೊಂಡು ಹೋಗಿ.