ಕಾಂಡ್ಲಾ ನೆಡುವ ಮೊದಲು ಜಂತ್ರಡಿ ನೋಡಿ

ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ನೆಡಬೇಕು ಎಂದು ಬರುವ ಸಂಘ ಸಂಸ್ಥೆಯವರು ಮೊದಲು ಕೇಳುವುದು, ಎಷ್ಟು ಸಾವಿರ ಸಸಿ ಬೇಕು ಅಂತ. ನಾನು ತಿರುಗಿ ಕೇಳುತ್ತೇನೆ: ಅಲ್ಲಿಯ ಜಂತ್ರಡಿ ಯಾರ ಕೈಯಲ್ಲಿದೆ?

ಘಟ್ಟದ ಮೇಲಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಹೆಗಡೆ, ಕೋಡ್ಕಣಿ ಕಡೆ ಹೊಳೆಯ ಪಕ್ಕದ ತಗ್ಗು ಗದ್ದೆಗೆ ಗಜನಿ ಎನ್ನುತ್ತಾರೆ. ಸುತ್ತ ಕಟ್ಟೆ, ಕಟ್ಟೆಯಲ್ಲಿ ಹಲಗೆ ಹಾಕಿ ತೆಗೆಯುವ ತೂಬು. ಆ ತೂಬೇ ಜಂತ್ರಡಿ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಉಪ್ಪು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರವನ್ನೂ ಕೇಳುವುದಿಲ್ಲ. ಕೊಯ್ಲಿನಲ್ಲಿ ನೀರಲ್ಲೇ ನಿಂತು ಕದಿರು ಕೊಯ್ದು, ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ಎತ್ತಿದರೆ ಉಬ್ಬರದ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆತ ಹುಲ್ಲೇ ಅವಕ್ಕೆ ಮೇವು. ಒಂದೇ ನೆಲ, ಆರು ತಿಂಗಳು ಗದ್ದೆ, ಆರು ತಿಂಗಳು ಕೆರೆ.

ಮೊದಲು ಕಟ್ಟೆ ಮಣ್ಣಿನದ್ದು. ಪ್ರತಿ ವರ್ಷ ಊರವರೇ ಸೇರಿ ಮೆತ್ತಬೇಕಿತ್ತು. ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಉಪ್ಪುನೀರು ನುಗ್ಗುವ ಇಂಥ ನೆಲವನ್ನು ಕಾಪಾಡುವ ಖಾರ್‌ಲ್ಯಾಂಡ್ ಕಾಯ್ದೆ ಬಂತು. 1970ರ ದಶಕದಲ್ಲಿ ಸರ್ಕಾರ ಇಲ್ಲಿ ಕಾಯಂ ಕಟ್ಟೆ ಕಟ್ಟಿಸಿತು. ಕಟ್ಟೆ ಗಟ್ಟಿಯಾಯಿತು, ಊರು ಸೇರುವ ರೂಢಿ ಸಡಿಲವಾಯಿತು. ಹಿಂದೆಯೇ ಸಿಗಡಿಗೆ ಒಳ್ಳೆಯ ರೇಟು ಬಂತು. ಗಜನಿಗಳು ಗುತ್ತಿಗೆದಾರರ ಕೈಗೆ ಹೋದವು. ಉಪ್ಪುನೀರು ಜಾಸ್ತಿ ದಿನ ನಿಂತರೆ ಸಿಗಡಿಯವನಿಗೆ ಲಾಭ, ಕಗ್ಗಕ್ಕೆ ಕುತ್ತು. 1994-95ರ ಹೊತ್ತಿಗೆ ದೇಶದ ಕರಾವಳಿಯಲ್ಲೆಲ್ಲ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿಯೂ ನೆಲ ಕಚ್ಚಿತು. ಎಷ್ಟೋ ಗಜನಿಗಳು ಬೀಳುಬಿದ್ದವು.

ಇಂಗ್ಲೆಂಡಿನ ಸ್ಟೀಯರ್ಟ್‌ನಲ್ಲಿ 2014ರಲ್ಲಿ ನದಿಯ ಕಟ್ಟೆಯನ್ನೇ ಒಡೆದು ಉಬ್ಬರಕ್ಕೆ ದಾರಿ ಮಾಡಿಕೊಟ್ಟರು, ಅಲ್ಲೀಗ ದೊಡ್ಡ ಉಪ್ಪು ಜವುಗು ಬೆಳೆದಿದೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿ ಕಟ್ಟೆ ಒಡೆಯಿರಿ ಎಂದರೆ ಕಗ್ಗದ ಕತೆ ಮುಗಿಯಿತು. ಇಲ್ಲಿಯ ಉಪಾಯ ಆ ಹಲಗೆಯಲ್ಲಿದೆ. ಯಾವಾಗ ಹಾಕಬೇಕು, ಯಾವಾಗ ಎತ್ತಬೇಕು ಎಂದು ಎಲ್ಲರೂ ಒಪ್ಪಿದರೆ ಅರ್ಧ ಕೆಲಸ ಆದಂತೆ.

ಇನ್ನು ಕಾಂಡ್ಲಾ. ಕಟ್ಟೆಯ ಹೊರಮೈಗೆ ಇದ್ದರೆ ಅಲೆಯ ಹೊಡೆತ ತಗ್ಗಿಸಿ ಹೂಳು ಹಿಡಿಯುತ್ತದೆ, ಕಟ್ಟೆ ಬಾಳಿಕೆ ಬರುತ್ತದೆ. ಕಾಂಡ್ಲಾದ ಒಂದು ಬಗೆಯಾದ ರೈಜೋಫೋರಾ ಮರದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತಿರುತ್ತದೆ. ಹಣ್ಣಾದದ್ದನ್ನು ಆರಿಸಿ ತಂದು ಕೆಸರಿಗೆ ಚುಚ್ಚಿದರೆ ಸಾಕು. ಇಷ್ಟು ಸುಲಭ ಇರುವುದೇ ತೊಂದರೆ ನೋಡಿ. ಇಳಿತದಲ್ಲಿ ಬಯಲು ಕಂಡಲ್ಲೆಲ್ಲ ಸುಮ್ನೆ ಚುಚ್ಚಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ತೀರಾ ತಗ್ಗಿನಲ್ಲಿ ನೆಟ್ಟದ್ದು ಹೆಚ್ಚು ಹೊತ್ತು ನೀರಲ್ಲೇ ಮುಳುಗಿರುತ್ತದೆ, ಎಳೆ ಕಾಂಡಕ್ಕೆ ಚಿಪ್ಪಿನ ಹುಳು ಅಂಟುತ್ತದೆ, ಗಿಡ ಸಾಯುತ್ತದೆ. ಒಂದು ವೇಳೆ ಬದುಕಿದರೆ ಬೇರೆ ಜಗಳ. ಆ ಬೋಳು ಬಯಲಲ್ಲೇ ಹೆಂಗಸರು ಇಳಿತ ನೋಡಿಕೊಂಡು ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುವುದು. ಚಳಿಗಾಲದಲ್ಲಿ ವಲಸೆ ಬರುವ ನೀರುಹಕ್ಕಿಗಳು ಮೇಯುವುದೂ ಅಲ್ಲೇ. ಮರವಿಲ್ಲದ ಕೆಸರು ಹಾಳು ಜಾಗವಲ್ಲ. ಅದಕ್ಕೇ, ನೆಡುವ ಜಾಗ ಗುರುತಿಸುವ ದಿನ ಬಳಚು ಹೆಕ್ಕುವವರು ಜೊತೆಯಲ್ಲಿ ಇರಲೇಬೇಕು ಅಂತ ನನ್ನ ಹಟ. ಜಿಪಿಎಸ್ ಹಿಡಿದ ನಮಗಿಂತ ಅವರಿಗೆ ಆ ನೆಲದ ಏರು ತಗ್ಗು ಚೆನ್ನಾಗಿ ಗೊತ್ತು. ಕೆಲವು ಕಡೆ ಗಿಡವೇ ಬೇಡ. ಭತ್ತದ ಕಾಡು ನೆಂಟನಾದ ಪೋರ್ಟೆರೇಸಿಯಾ ಎಂಬ ಉಪ್ಪುನೀರಿನ ಹುಲ್ಲು ತಾನೇ ಹಬ್ಬಿ ಕೆಸರನ್ನು ಹಿಡಿದು ಕೂರಿಸುತ್ತದೆ. ಅದನ್ನು ತುಳಿಯದೆ ಬಿಟ್ಟರೆ ಕಾಂಡ್ಲಾ ಬೀಜ ತೇಲಿ ಬಂದು ಅಲ್ಲೇ ನಿಲ್ಲುತ್ತದೆ.

ಬೀಳುಬಿದ್ದ ಗಜನಿಯೊಳಗೆ ತಾನಾಗಿ ಎದ್ದ ಕಾಂಡ್ಲಾ ಕಂಡರೆ ರೈತರಿಗೆ ಹೆದರಿಕೆ: "ಇದು ದೊಡ್ಡದಾದರೆ ಜಾಗ ಫಾರೆಸ್ಟಿನವರದ್ದಾಗುತ್ತದೆ ಅಲ್ವಾ ಸರ್?" ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟರೆ ರಾತ್ರೋರಾತ್ರಿ ಗಿಡ ಕಡಿದಿರುತ್ತಾರೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರಕಾರ ಒಂದು ಸಾವಿರ ಚದರ ಮೀಟರ್‌ಗಿಂತ ದೊಡ್ಡ ಕಾಂಡ್ಲಾ ವನದ ಸುತ್ತ 50 ಮೀಟರ್ ಬಫರ್, ಅಂದರೆ ರಕ್ಷಣೆಯ ಅಂಚು, ಬಿಡಬೇಕು, ಖಾಸಗಿ ಜಾಗದ ಕಾಂಡ್ಲಾಕ್ಕೆ ಆ ಬಫರ್ ಬೇಡ. ಇದನ್ನು ಕಂದಾಯ, ಅರಣ್ಯ ಎರಡೂ ಇಲಾಖೆಯವರು ಗಜನಿಯ ಕಟ್ಟೆಯ ಮೇಲೇ ನಿಂತು ರೈತರಿಗೆ ಹೇಳಬೇಕು. ಕಚೇರಿಯಲ್ಲಿ ಹೇಳಿದ್ದು ಗದ್ದೆಗೆ ತಲುಪುವುದಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಖುಷಿಯ ಸುದ್ದಿ. ಆದರೆ ಸಸಿ ನೆಡಲು ಹಣ ಸಿಗುವಷ್ಟು ಸಲೀಸಾಗಿ ಜಂತ್ರಡಿಯ ಹಲಗೆ ಬದಲಿಸಲು ಸಿಗುವುದಿಲ್ಲ. ಸಸಿಯನ್ನು ಎಣಿಸಿ ವರದಿ ಬರೆಯಬಹುದಲ್ಲ! ಹಾಗಾಗಿ ನಾನು ರೈತ ಸಂಘದವರಿಗೆ ಹೇಳುವುದು, ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕುವಾಗಲೇ ಕರಾರಿನಲ್ಲಿ ಎರಡು ಮಾತು ಬರೆಸಿ. ಮಳೆಗೆ ಮುಂಚೆ ಯಾವ ದಿನದೊಳಗೆ ಉಪ್ಪುನೀರು ಹೊರಗೆ ಬಿಡಬೇಕು ಎಂಬುದು ಒಂದು. ಹರಾಜಿನ ಹಣದಲ್ಲಿ ಇಷ್ಟು ಪಾಲು ಕಟ್ಟೆಗೆ, ಜಂತ್ರಡಿಗೆ ಎಂಬುದು ಇನ್ನೊಂದು. ಗುತ್ತಿಗೆದಾರ ತಕರಾರು ತೆಗೆದೇ ತೆಗೆಯುತ್ತಾನೆ. ಹೊರಗಿಂದ ಬಂದ ನಾವು ಅಲ್ಲಿ ಬಾಯಿ ಹಾಕಬಾರದು, ಊರವರೇ ಮಾತಾಡಿ ಬಗೆಹರಿಸಿಕೊಳ್ಳಲಿ. ಸಸಿಯ ಲೆಕ್ಕ ಆಮೇಲೆ ನೋಡೋಣ.