ಮರುದಿನ ಬೆಳಿಗ್ಗೆ ಕೈಲಿರೋ ಲೆನ್ಸ್ ಯಾವ್ದು?

ನನ್ನ ಸರ್ವಿಸ್ ಟೇಬಲ್ ಮುಂದೆ ಕಾಲೇಜು ಹುಡುಗ್ರು ಬಂದು ನಿಂತಾಗ ಬ್ಯಾಗಿಂದ ಮೊದ್ಲು ಏನು ಹೊರಗೆ ಬರುತ್ತೆ ಅಂತ ನೋಡಿದ್ರೆ ಸಾಕು, ಅರ್ಧ ಕಥೆ ಗೊತ್ತಾಗ್ಬಿಡುತ್ತೆ. ಕ್ಯಾಮೆರಾ ಬಾಡಿ ಬಂದ್ರೆ ರಿಪೇರಿ. ಉದ್ದದ ಲೆನ್ಸ್ ಬಂದ್ರೆ, ಅದೂ ಎಂದೂ ಇಲ್ಲದ ಹಾಗೆ ಒರೆಸಿ ಪಳಪಳ ಅಂತಿದ್ರೆ, ಮಾರಾಟ. "ಸರ್, ಇದಕ್ಕೆ ಎಷ್ಟು ಬರ್ಬಹುದು? ಮಿರರ್‌ಲೆಸ್‌ಗೆ ಹೋಗ್ತಿದೀನಿ."

ಮಿರರ್‌ಲೆಸ್ ಅಂದ್ರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ. ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ. ಹೊಸ ಕ್ಯಾಮೆರಾ ತಗೊಂಡ ಮರುದಿನ ಬೆಳಿಗ್ಗೆ ಹಕ್ಕಿ ಹುಡುಕ್ಕೊಂಡು ಹೊರಟಾಗ ನಿನ್ನ ಕೈಲಿರೋ ಅತಿ ಉದ್ದದ ಲೆನ್ಸ್ ಯಾವ್ದಪ್ಪಾ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸದ್ಯಕ್ಕೆ ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸೇ ಸರ್, ಉದ್ದದ ಟೆಲಿ ಆಮೇಲೆ ತಗೋತೀನಿ." ಈ 'ಆಮೇಲೆ' ಅನ್ನೋದನ್ನ ಕೇಳಿದ್ರೆ ನನಗೆ ಮೈ ಉರಿಯುತ್ತೆ. ಸ್ಟೂಡೆಂಟ್ ಬಜೆಟ್ಟಲ್ಲಿ ಆಮೇಲೆ ಅಂದ್ರೆ ಯಾವಾಗ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಒಬ್ಬ ಹುಡುಗನ ಹತ್ರ ಕ್ಯಾನನ್ ಇಎಫ್ ಮೌಂಟಿನ (ಮೌಂಟ್ ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಬಳೆ) ಹಳೇ 300 ಎಂಎಂ ಎಫ್4 ಲೆನ್ಸ್ ಇತ್ತು. ಬಣ್ಣ ಎಲ್ಲಾ ಹೋಗಿದ್ರೂ ಗ್ಲಾಸ್ ಕನ್ನಡಿ ಥರ. ಟ್ರೈಪಾಡಿಗೆ ಕೂರಿಸೋಕೆ ಲೆನ್ಸಿನ ಸುತ್ತ ಇರೋ ಕಾಲರ್ ಕೈಗೆ ಒತ್ತುತ್ತೆ ಅಂತ ಅದರ ಪಾದಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದ. ನಾನು ಬೇಡ ಬೇಡ ಅಂದ್ರೂ ಅದನ್ನ ಮಾರಿ, ಚಿತ್ರ ಬೀಳೋ ಸೆನ್ಸರ್ ಚಿಕ್ಕದಿರೋ ಹಳೇ ಕ್ರಾಪ್ ಬಾಡಿನೂ ಮಾರಿ, ಎಲ್ಲಾ ದುಡ್ಡೂ ಸುರಿದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಮಿರರ್‌ಲೆಸ್ ಮತ್ತೆ ಒಂದು 24-105 ಎಂಎಂ ಲೆನ್ಸ್ ತಗೊಂಡ. ಎರಡು ತಿಂಗಳಾದ್ಮೇಲೆ ಫೋಟೊ ತೋರಿಸೋಕೆ ಬಂದ. ಮರ ಚೆನ್ನಾಗಿತ್ತು, ಬೆಳಕೂ ಚೆನ್ನಾಗಿತ್ತು, ಹಕ್ಕಿ ಸಾಸಿವೆ ಕಾಳಿನಷ್ಟು. ಹೊಸ ಕ್ಯಾಮೆರಾ ಅಲ್ವಾ ಸರ್, ಯಾಕೆ ಹಿಂಗಾಗುತ್ತೆ ಅಂತ ನನ್ನನ್ನೇ ಕೇಳ್ದ.

ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ, ಸ್ವಲ್ಪ ಲೆಕ್ಕ ಇದೆ, ಸಹಿಸ್ಕೊಳ್ಳಿ. ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತೆ ಅನ್ನೋದು ಎರಡೇ ವಿಷಯದ ಮೇಲೆ ನಿಂತಿದೆ, ಲೆನ್ಸಿನ ಫೋಕಲ್ ಲೆಂತ್ (ಅದರ ಎಂಎಂ ನಂಬರ್) ಮತ್ತೆ ನೀವು ನಿಂತಿರೋ ದೂರ. 15 ಸೆಂಟಿಮೀಟರ್ ಉದ್ದದ ಹಕ್ಕಿ 15 ಮೀಟರ್ ದೂರದಲ್ಲಿದ್ರೆ 300 ಎಂಎಂ ಲೆನ್ಸ್ ಅದನ್ನ ಸೆನ್ಸರ್ ಮೇಲೆ ಸುಮಾರು 3 ಮಿಲಿಮೀಟರ್ ಮಾಡಿ ಬೀಳಿಸುತ್ತೆ. ಬಾಡಿ ಹಳೇದಾಗ್ಲಿ ಹೊಸದಾಗ್ಲಿ, ಯಾವ ಕಂಪನಿದೇ ಆಗ್ಲಿ, 3 ಮಿಲಿಮೀಟರೇ. 105 ಎಂಎಂ ಹಾಕಿದ್ರೆ ಹತ್ತಿರ ಹತ್ತಿರ 1 ಮಿಲಿಮೀಟರ್. ಈಗ ಪಿಕ್ಸೆಲ್ ಲೆಕ್ಕ ನೋಡಿ. ಅವನ ಹಳೇ ಕ್ರಾಪ್ ಬಾಡಿ 24 ಮೆಗಾಪಿಕ್ಸೆಲ್, ಅಂದ್ರೆ 22 ಮಿಲಿಮೀಟರ್ ಚಿಲ್ಲರೆ ಅಗಲದಲ್ಲಿ 6000 ಪಿಕ್ಸೆಲ್, ಹಕ್ಕಿಯ ಉದ್ದಕ್ಕೆ ಸುಮಾರು 800 ಸಿಕ್ತಿತ್ತು. ಫುಲ್ ಫ್ರೇಮಲ್ಲಿ ಅದೇ 6000 ಪಿಕ್ಸೆಲ್ 36 ಮಿಲಿಮೀಟರಿಗೆ ಹರಡ್ಕೊಂಡಿರುತ್ತೆ, ಹಾಗಾಗಿ ಅದೇ 300 ಹಾಕಿದ್ರೂ 500, ಇವನು ಹಾಕಿದ್ದ 105ರಲ್ಲಿ ಬರೀ 175. ಎಂಟುನೂರು ಇದ್ದಿದ್ದು ನೂರಾ ಎಪ್ಪತ್ತೈದಕ್ಕೆ ಇಳೀತು, ಅದಕ್ಕೆ ಕೈಯಿಂದ ದುಡ್ಡು ಬೇರೆ ಕೊಟ್ಟಿದ್ದಾನೆ!

ಫುಲ್ ಫ್ರೇಮ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಮುಸ್ಸಂಜೆ ಬೆಳಕಲ್ಲಿ ನಾಯ್ಸ್ (ಫೋಟೋದಲ್ಲಿ ಕಾಣೋ ಕಾಳು ಕಾಳು) ಕಮ್ಮಿ, ಅದು ನಿಜ. ಹೊಸ ಬಾಡಿಗಳು ಹಕ್ಕಿಯ ಕಣ್ಣು ಹಿಡಿದು ಫೋಕಸ್ ಮಾಡೋದೂ ಸುಳ್ಳಲ್ಲ, ನಾನೇ ಮೊದಲ ಸಲ ನೋಡಿದಾಗ ಬಾಯಿ ಬಿಟ್ಕೊಂಡು ನೋಡಿದ್ದೆ. ಆದ್ರೆ ಆ ಕಣ್ಣು ಫ್ರೇಮಲ್ಲಿ ಕಾಣೋ ಅಷ್ಟು ದೊಡ್ಡದಾಗಿ ಇರ್ಬೇಕಲ್ಲ.

ಅವನು ಲೆನ್ಸ್ ಮಾರೋ ಅಗತ್ಯನೇ ಇರ್ಲಿಲ್ಲ ಅನ್ನೋದು ಇನ್ನೂ ಹೊಟ್ಟೆ ಉರಿಸೋ ವಿಷಯ. ಲೆನ್ಸ್ ಮೌಂಟಿಂದ ಸೆನ್ಸರಿಗೆ ಇರೋ ದೂರ ಇಎಫ್‌ನಲ್ಲಿ 44 ಮಿಲಿಮೀಟರ್, ಕ್ಯಾನನ್‌ದೇ ಹೊಸ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ನಲ್ಲಿ 20. ಮಧ್ಯದ 24 ಮಿಲಿಮೀಟರ್ ತುಂಬೋ ಒಂದು ಖಾಲಿ ಕೊಳವೆನೇ ಅಡಾಪ್ಟರ್. ಮಾಮೂಲಿ ಅಡಾಪ್ಟರ್ ಒಳಗೆ ಗ್ಲಾಸೇ ಇಲ್ಲ, ಹಾಗಾಗಿ ಬೆಳಕೂ ಕಮ್ಮಿ ಆಗಲ್ಲ, ಶಾರ್ಪ್‌ನೆಸ್ಸೂ ಹೋಗಲ್ಲ, ಕ್ಯಾನನ್‌ದೇ ಅಡಾಪ್ಟರಾದ್ರೆ ಆಟೋಫೋಕಸ್ಸೂ ಕೆಲಸ ಮಾಡುತ್ತೆ. ನಿಕಾನಿನ ಹಳೇ ಎಫ್ ಮೌಂಟಿಂದ ಹೊಸ ಮಿರರ್‌ಲೆಸ್ ಝಡ್‌ಗೂ ಇದೇ ಥರ, 46.5 ಇಂದ 16ಕ್ಕೆ. ದೂರ ಜಾಸ್ತಿ ಇರೋ ಹಳೇ ಲೆನ್ಸ್ ದೂರ ಕಮ್ಮಿ ಇರೋ ಹೊಸ ಬಾಡಿಗೆ ಬರುತ್ತೆ, ಉಲ್ಟಾ ಆಗಲ್ಲ, ಕೊಳವೆಗೆ ಜಾಗ ಎಲ್ಲಿದೆ?

ಇಲ್ಲಿ ಎರಡು ಗುಂಡಿ ಇದೆ, ನೋಡ್ಕೊಂಡು ಕಾಲಿಡಿ. ನಿಕಾನಿನ ಹಳೇ ಎಎಫ್-ಡಿ ಲೆನ್ಸ್ ತಿರುವಿ ಮೌಂಟ್ ನೋಡಿ, ಲೋಹದ ಬಳೆಯಲ್ಲಿ ಸ್ಕ್ರೂ ತಲೆ ಥರ ಸಣ್ಣ ಸೀಳು ಕಾಣುತ್ತೆ. ಲೆನ್ಸ್ ಒಳಗೆ ಮೋಟಾರ್ ಇಲ್ಲ, ಬಾಡಿಯಿಂದ ಒಂದು ಪುಟ್ಟ ಸ್ಕ್ರೂಡ್ರೈವರ್ ಬಂದು ಆ ಸೀಳಿಗೆ ಕೂತು ತಿರುಗಿಸ್ಬೇಕು. ಎಫ್ ಇಂದ ಝಡ್‌ಗೆ ಹಾಕೋ ನಿಕಾನಿನ ಎಫ್‌ಟಿಝಡ್ ಅಡಾಪ್ಟರಲ್ಲಿ ಆ ಮೋಟಾರ್ ಇಲ್ಲ, ಅಂಥ ಲೆನ್ಸಿಗೆ ಕೈಯಲ್ಲೇ ಫೋಕಸ್. ಲೆನ್ಸ್ ಒಳಗೇ ಮೋಟಾರ್ ಇರೋ ಎಎಫ್-ಎಸ್ ಆದ್ರೆ ತೊಂದರೆ ಇಲ್ಲ. ಇನ್ನೊಂದು ಕ್ಯಾನನ್ ಇಎಫ್-ಎಂ, 2012ರಲ್ಲಿ ಬಂದ ಚಿಕ್ಕ ಮಿರರ್‌ಲೆಸ್. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಹುಡುಗ್ರು ಬೀಳ್ತಾರೆ. ಅದರ ದೂರ 18, ಆರ್‌ಎಫ್‌ದು 20, ಹಾಗಾಗಿ ಆ ಲೆನ್ಸ್‌ಗಳು ಮುಂದಕ್ಕೆ ಆರ್‌ಎಫ್ ಬಾಡಿಗೆ ಬರಲ್ಲ. ಆ ದಾರಿ ಅಲ್ಲಿಗೇ ಮುಗೀತು.

ಹಂಗಂತ ಯಾರೂ ಬದಲಾಯಿಸ್ಲೇಬಾರದು ಅಂತಲ್ಲ. ನಿಮ್ಮ ಹತ್ರ ಇರೋದು ಬರೀ ಕಿಟ್ ಲೆನ್ಸಾದ್ರೆ ನೀವೇ ಅದೃಷ್ಟವಂತರು, ಕಳ್ಕೊಳ್ಳೋಕೆ ಏನೂ ಇಲ್ಲ, ಬೇಕಾದ ಕಡೆ ಹೋಗಿ. ಹುಳ ಹುಪ್ಪಟೆ ಮ್ಯಾಕ್ರೋ ಮಾಡೋರಿಗೂ ನಾನು ಸಲೀಸಾಗಿ ಹೂಂ ಅಂತೀನಿ, ಯಾಕಂದ್ರೆ ಅಷ್ಟು ಹತ್ತಿರದಲ್ಲಿ ಫೋಕಸ್ ಮಾಡೋದು ಹೆಚ್ಚಾಗಿ ಮೈ ಮುಂದೆ ಹಿಂದೆ ಆಡಿಸಿನೇ, ಹಳೇ ಮ್ಯಾನುವಲ್ ಲೆನ್ಸಾದ್ರೂ ನಡೆಯುತ್ತೆ. ಭಾರ ಹೊರೋಕಾಗಲ್ಲ ಅನ್ನೋರು ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ನೋಡ್ಬಹುದು, ಅಲ್ಲಿ 300 ಎಂಎಂ ಫುಲ್ ಫ್ರೇಮಿನ 600ರಷ್ಟೇ ನೋಟ ಕೊಡುತ್ತೆ, ಸೆನ್ಸರ್ ಚಿಕ್ಕದು ಅನ್ನೋದು ಮಾತ್ರ ಬೆಳಕು ಕಮ್ಮಿ ಆದಾಗ ಗೊತ್ತಾಗುತ್ತೆ.

ಇದೆಲ್ಲದರಲ್ಲಿ ಸ್ಟೂಡೆಂಟ್‌ಗಳಿಗೆ ಒಂದು ಲಾಭನೂ ಇದೆ. ಎಲ್ಲರೂ ಮಿರರ್‌ಲೆಸ್ ಮಿರರ್‌ಲೆಸ್ ಅಂತ ಓಡ್ತಿರೋದ್ರಿಂದ ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಟೆಲಿಗಳು ಸೆಕೆಂಡ್ ಹ್ಯಾಂಡಲ್ಲಿ ಓಡಾಡ್ತಿವೆ. ತಗೊಳ್ಳೋವಾಗ ಅಪರ್ಚರ್ (ಬೆಳಕು ಬರೋ ಕಿಂಡಿ) ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆ ಥರ ಕವಲೊಡೆದಿದ್ರೆ ಫಂಗಸ್, ಬಿಟ್ಬಿಡಿ. ನಾಲ್ಕು ಧೂಳಿನ ಕಣ ಇದ್ರೆ ತಲೆ ಕೆಡಿಸ್ಕೋಬೇಡಿ, ಫೋಟೋದಲ್ಲಿ ಬರಲ್ಲ. ಸ್ಕ್ರೂ ತಲೆಗಳು ಕಿತ್ತು ಹೊಳೀತಿದ್ರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ, ಬಿಚ್ಚಿದವರು ಸರಿಯಾಗಿ ಜೋಡಿಸಿದ್ದಾರಾ ಅನ್ನೋದನ್ನ ಹೊರಗಿಂದ ನೋಡಿ ನಾನೂ ಗ್ಯಾರಂಟಿ ಕೊಡೋಕಾಗಲ್ಲ. ಹತ್ತಿರದಿಂದ ಇನ್ಫಿನಿಟಿಗೆ ಹತ್ತು ಸಲ ಫೋಕಸ್ ಓಡಿಸಿ, ಒಂದು ಸಲ ತಡವರಿಸಿದ್ರೂ ಅನುಮಾನ ಪಡಿ.

ಮೊನ್ನೆ ಒಬ್ಬಳು ಹುಡುಗಿ ಲೆನ್ಸ್ ಕ್ಲೀನಿಂಗ್‌ಗೆ ತಂದಿದ್ಲು. ಕ್ರಾಪ್ ಸೆನ್ಸರಿನ ಆರ್‌ಎಫ್ ಬಾಡಿ, ಅಡಾಪ್ಟರ್, ಅದಕ್ಕೆ ಒಂದು ಬಣ್ಣ ಹೋದ 300 ಎಫ್4. ಸ್ಕ್ರೀನಲ್ಲಿ ಹಕ್ಕಿ ತೋರಿಸಿದ್ಲು, ಕಣ್ಣಿನ ಸುತ್ತ ಇರೋ ಒಂದೊಂದು ಪುಕ್ಕನೂ ಎಣಿಸ್ಬಹುದಿತ್ತು. ಎಲ್ಲಿ ತಗೊಂಡ್ಯಮ್ಮಾ ಇದನ್ನ ಅಂತ ಕೇಳ್ಬೇಕು ಅಂತಿದ್ದೆ, ಕೇಳ್ಲಿಲ್ಲ, ಕಾಲರ್ ಪಾದದ ಮೇಲೆ ಸೈಕಲ್ ಟ್ಯೂಬ್ ಹಂಗೇ ಇತ್ತು.